ಮಾರೇನಹಳ್ಳಿ ರಸ್ತೆಯ ಕಥಾಮೀಮಾಂಸೆ

ಭರತನಿಂದ ತೀ.ನಂ.ಶ್ರೀ.ವರೆಗಿನ ಕಾವ್ಯಮೀಮಾಂಸಕರೆಲ್ಲ ಕಥೆ ಹೇಗೆ ನಡೆಯುತ್ತದೆಂದು ವಿವರಿಸಿದ್ದಾರೆ. ನಡೆಯದೆ ನಿಂತರೆ ಏನೆಂದು ಯಾರೂ ಹೇಳಿಲ್ಲ. ಸಂಜೆ ಆರಕ್ಕೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ಯೋಗ ಅವರಿಗಿರಲಿಲ್ಲ. ಆ ಕೊರತೆ ನೀಗಲೆಂದು ಈ ಗ್ರಂಥ.

ಸೂತ್ರ 1: ಆಸೆಯುಳ್ಳವನು ನಾಯಕ, ಅಡ್ಡ ಬಂದದ್ದು ಸಂಘರ್ಷ.

ವ್ಯಾಖ್ಯಾನ: ನಾಯಕನ ಆಫೀಸು ಮಡಿವಾಳದಲ್ಲಿ, ಆಸೆ ಜೆ.ಪಿ. ನಗರ 2ನೇ ಹಂತದ ರಂಗಶಂಕರದ ಏಳೂವರೆ ನಾಟಕದಲ್ಲಿ. ಶಂಕರ್ ನಾಗ್ ನೆನಪಿಗೆ 2004ರಲ್ಲಿ ತೆರೆದ ಈ ರಂಗಮಂದಿರದಲ್ಲಿ ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಆ ನಿಯಮ ಇಲ್ಲದಿದ್ದರೆ ಇದು ಬರೀ ಪ್ರಯಾಣ; ಇರುವುದರಿಂದ ಕಥೆ.

ಸೂತ್ರ 2: ಕಾರಣವಿದ್ದರೆ ಕಥಾಸಂವಿಧಾನ, ಇಲ್ಲದಿದ್ದರೆ ವರದಿ.

ವ್ಯಾಖ್ಯಾನ: ‘ಮಳೆ ಬಂತು, ನಾಟಕ ತಪ್ಪಿತು’ ಎಂಬುದು ವರದಿ. ‘ಮಳೆ ಬಂತೆಂದು ಆಟೋದವನು ಆ ಕಡೆ ಬರಲ್ಲ ಅಂದ, ಅದಕ್ಕೇ ನಾಟಕ ತಪ್ಪಿತು’ ಎಂಬುದು ಸಂವಿಧಾನ. ಇ.ಎಂ. ಫಾರ್ಸ್ಟರ್ 1927ರಲ್ಲಿ ತನ್ನ ಉದಾಹರಣೆಯಲ್ಲಿ ರಾಜರಾಣಿಯರನ್ನು ಸಾಯಿಸಿ ಹೇಳಿದ್ದನ್ನು ನಾವು ಯಾರನ್ನೂ ಸಾಯಿಸದೆ ಹೇಳಿದ್ದೇವೆ.

ಸೂತ್ರ 3: ಎತ್ತರ ಬದಲಾದಂತೆ ನಿರೂಪಕನೂ ಬೇರೆ.

ವ್ಯಾಖ್ಯಾನ: ಮಾರೇನಹಳ್ಳಿ ರಸ್ತೆಯ ಮೇಲೆ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ 3.36 ಕಿ.ಮೀ. ಡಬಲ್ ಡೆಕ್ಕರ್ ಸೇತುವೆ ಕಟ್ಟಿಸಿರುವುದು ಇದನ್ನು ಕಲಿಸಲೆಂದೇ. ನೆಲದ ರಸ್ತೆಯವನು ಉತ್ತಮಪುರುಷ: ಮುಂದಿನ ಬಸ್ಸಿನ ಬೆನ್ನಲ್ಲದೆ ಬೇರೆ ಲೋಕ ಕಾಣದು, ‘ನಾನು, ನನ್ನ ಕ್ಲಚ್ಚು’ ಎಂದೇ ಕಥೆ ಹೇಳುತ್ತಾನೆ. ನಡುವಿನ ಮೇಲ್ಸೇತುವೆ 2024ರ ಜುಲೈನಲ್ಲಿ ತೆರೆಯಿತು; ಅಲ್ಲಿಯವನು ಸೀಮಿತ ಪ್ರಥಮಪುರುಷ: ಕೆಳಗಿನವರ ಕಷ್ಟ ಬಲ್ಲ, ತಾನು ಇಳಿಯುವ ರ‍್ಯಾಂಪು ಅರಿಯ. ಎಲ್ಲಕ್ಕೂ ಮೇಲೆ 2025ರ ಆಗಸ್ಟಿನಿಂದ ಓಡುತ್ತಿರುವ ಹಳದಿ ಮಾರ್ಗದ ಮೆಟ್ರೋ ಪ್ರಯಾಣಿಕ ಸರ್ವಜ್ಞ ನಿರೂಪಕ: ಎಲ್ಲರ ಪಾಡೂ ಕಾಣುತ್ತದೆ, ಯಾರಿಗೂ ನೆರವಾಗುವುದಿಲ್ಲ.

ಉಪಸೂತ್ರ: ಫೋನಿನಲ್ಲಿರುವವನು ನಂಬಲಾಗದ ನಿರೂಪಕ.

ವ್ಯಾಖ್ಯಾನ: ‘ರಾಗಿಗುಡ್ಡ ದಾಟ್ಬಿಟ್ಟೆ ಮಾರಾಯ, ಐದೇ ನಿಮಿಷ’ ಎನ್ನುತ್ತಾನೆ. ಹಿಂದಿನಿಂದ ಕಂಡಕ್ಟರು ‘ಸಿಲ್ಕ್ ಬೋರ್ಡ್ ಯಾರ‍್ರೀ, ಇಳೀರಿ’ ಎಂದು ಕೂಗುವುದು ಕೇಳಿಸುತ್ತದೆ. ಬಾಯಿಬಿಟ್ಟು ಹೇಳದೆಯೇ ಹೊಳೆಯುವ ಅರ್ಥ ಕಾವ್ಯದ ಆತ್ಮವೆಂದು ಆನಂದವರ್ಧನ ಒಂಬತ್ತನೆಯ ಶತಮಾನದಲ್ಲೇ ಸಾರಿದ್ದ. ಉದಾಹರಣೆ ಈಗ ಸಿಕ್ಕಿದೆ.

ಪೂರ್ವಪಕ್ಷ: ಮೆಟ್ರೋ ಬಂದಮೇಲೆ ಸಂಘರ್ಷವೆಲ್ಲಿ? ಕಥೆ ಸತ್ತಂತೆಯೇ ಅಲ್ಲವೇ?

ಸಿದ್ಧಾಂತ: ಇಲ್ಲ. ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ರಂಗಶಂಕರದ ಕಡೆ ನಡೆದು ನೋಡಿ. ಫುಟ್‌ಪಾತಿನ ಮೇಲೆ ಬೈಕು, ಬೈಕಿನ ಪಕ್ಕ ಮೇಲೆದ್ದ ಚಪ್ಪಡಿ, ಚಪ್ಪಡಿಯ ಕೆಳಗೆ ಮೋರಿ. ಸಂಘರ್ಷ ಅಳಿಯುವುದಿಲ್ಲ, ವೇಷ ಬದಲಿಸುತ್ತದೆ.

ಫಲಾಗಮ: ಗಂಟೆ 7.31. ಬಾಗಿಲು ಮುಚ್ಚಿದೆ. ನಾಯಕ ಕ್ಯಾಂಟೀನಿನಲ್ಲಿ ಕೂತು ಅಕ್ಕಿರೊಟ್ಟಿ ತಿನ್ನುತ್ತಾನೆ, ಚೆನ್ನಾಗಿದೆ ಎಂದೂ ಒಪ್ಪುತ್ತಾನೆ. ಬಯಸಿದ್ದು ಒಂದು, ದಕ್ಕಿದ್ದು ಇನ್ನೊಂದು. ಇದನ್ನು ಪಂಡಿತರು ವಿಧಿವ್ಯಂಗ್ಯವೆನ್ನುತ್ತಾರೆ.

ಈ ಮತವನ್ನು ಒಪ್ಪದ ವಿದ್ವಾಂಸರು ವಾರದ ದಿನವೊಂದರಲ್ಲಿ ಆರೂಮುಕ್ಕಾಲಿಗೆ ಮಡಿವಾಳದಿಂದ ಕಾರಿನಲ್ಲಿ ಹೊರಡಲಿ. ಏಳೂವರೆಯೊಳಗೆ ಸೀಟಿನಲ್ಲಿ ಕೂತವರ ಖಂಡನೆಯನ್ನು ಮಾತ್ರ ಸ್ವೀಕರಿಸಲಾಗುವುದು.