‘ಸ್ವಲ್ಪ ಬೆಳ್ಳಗೆ ಬರ್ಲಿ, ಸಾರ್!’

ಅಡಿಕೆ ಬಣ್ಣ ನೋಡೋದ್ರಲ್ಲಿ ಭೀಮಸಮುದ್ರದೋರನ್ನ ಮೀರಿಸೋರುಂಟಾ? ರಾಶಿ ಯಾವುದು, ಬೆಟ್ಟೆ ಯಾವುದು, ಅಪಿ ಯಾವುದು, ಕೆಂಪುಗೋಟು ಯಾವುದು, ಎಲ್ಲಾ ಕಣ್ಣಳತೆಯಲ್ಲೇ ಹೇಳ್ತೀರಿ. ಬಣ್ಣ ಒಂಚೂರು ಪೇಲವ ಆದ್ರೂ ಮೂಗು ಮುರೀತೀರಿ. ಸರಿ ಸ್ವಾಮಿ, ಅದೇ ಕಣ್ಣು ಕ್ಯಾಮ್ರಾ ಹಿಂದಕ್ಕೆ ಹೋದ ತಕ್ಷಣ ಎಲ್ಲಿ ಮಾಯ ಆಗುತ್ತೆ?

ಒಳ್ಳೆ ರೇಟು ಬಂದ ವರ್ಷ ದೊಡ್ಡ ಕ್ಯಾಮ್ರಾನೇ ತಂದ್ರಿ, ತಪ್ಪೇನಿಲ್ಲ. (ಮನೇಲಿ ಹೇಳಿದ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ. ನಾನು ಬಾಯಿ ಬಿಡಲ್ಲ, ಹೆದರಬೇಡಿ.) ಆದ್ರೆ ಅದರ ಡಯಲ್ಲು ‘ಆಟೊ’ ಬಿಟ್ಟು ಒಂದು ಗೆರೆನಾದ್ರೂ ಅಲ್ಲಾಡಿದೆಯಾ? ಫೋಟೋ ಕೆಟ್ರೆ ಮಾತ್ರ ‘ಲೆನ್ಸ್ ಸರಿಯಿಲ್ಲ’ ಅಂತೀರಿ!

ನಮ್ಮೂರ ಬೆಳಕೂ ಕಮ್ಮಿ ಕಿಲಾಡಿ ಅಲ್ಲ, ಒಪ್ತೀನಿ. ಕೆರೆ ಏರಿ ಮೇಲೆ ಕಣ್ಣು ಕುಕ್ಕೋ ಬಿಸಿಲು. ಕೆಳಗಿಳಿದು ತ್ವಾಟ ಹೊಕ್ರೆ ಮಬ್ಬು, ಆ ಮಬ್ಬಲ್ಲೂ ಗರಿ ಸಂದಿಯಿಂದ ಬಿಸಿಲಿನ ಚುಕ್ಕೆ. ನೀವು ಭಾವನ್ನ ಕರೆದು ನಿಲ್ಲಿಸೋದು ಸರಿಯಾಗಿ ಅಲ್ಲೇ. ಅರ್ಧ ಮುಖ ಬಿಸಿಲಿಗೆ, ಅರ್ಧ ಕತ್ಲೆಗೆ. (ಹಳೇ ಸೇಡು ಏನಾದ್ರೂ ಇತ್ತಾ?) ಎರಡು ಹೆಜ್ಜೆ ಸರಿಸಿ, ಪೂರಾ ನೆರಳಲ್ಲಿ ನಿಲ್ಲಿಸಿ. ಅರ್ಧ ತಲೆನೋವು ಅಲ್ಲೇ ಮುಗೀತು.

ಈಗೊಂದು ಗುಟ್ಟು, ಹತ್ರ ಬನ್ನಿ. ಕ್ಯಾಮ್ರಾದೊಳಗಿನ ಮೀಟರ್‌ಗೆ ಪಂಚೆನೂ ಗೊತ್ತಿಲ್ಲ, ಎಮ್ಮೆನೂ ಗೊತ್ತಿಲ್ಲ. ಅದು ಎದುರಿಗಿರೋದನ್ನೆಲ್ಲ ಸರಾಸರಿಗೆ ಒಂದು ನಡುವಣ ಬೂದಿ ಬಣ್ಣ ಅಂದ್ಕೊಂಡು ಲೆಕ್ಕ ಹಾಕುತ್ತೆ. (ಹಳೇ ಫೋಟೋಗ್ರಾಫರುಗಳು ಕೈಲಿ ಹಿಡೀತಿದ್ದ ಆ ಬೂದಿ ಕಾರ್ಡು ಬಿದ್ದ ಬೆಳಕಲ್ಲಿ ಶೇಕಡ 18ರಷ್ಟನ್ನ ವಾಪಸ್ ಕಳಿಸೋದು.) ಹೊಸ ಕ್ಯಾಮ್ರಾ ಮುಖ ಗುರುತು ಹಿಡಿಯುತ್ತೆ, ನಿಜ. ಆದ್ರೂ ಹುಟ್ಟುಗುಣ ಪೂರ್ತಿ ಬಿಟ್ಟಿಲ್ಲ.

ಹಂಗಾಗಿ ಬಿಳಿ ಪಂಚೆ, ಬಿಳಿ ಶರ್ಟಿನ ಹತ್ತು ಜನ ಸಾಲಾಗಿ ನಿಂತ್ರೆ ‘ಅಬ್ಬಾ, ಬೆಳಕು ಜಾಸ್ತಿ’ ಅಂತ ಎಲ್ಲರನ್ನೂ ಮಾಸಲು ಮಾಡುತ್ತೆ. ಕಣದಲ್ಲಿ ಹರಡಿದ ಕಡುಗೆಂಪು ಅಡಿಕೆ ಕಂಡ್ರೆ ‘ಅಯ್ಯೋ, ಕತ್ಲೆ’ ಅಂತ ಬೆಳಕು ಏರಿಸಿ ಬಣ್ಣ ಕೆಡಿಸುತ್ತೆ. ಆ ಫೋಟೋ ನೋಡಿ ಯಾವ ವ್ಯಾಪಾರಿ ರೇಟು ಹೇಳ್ತಾನೆ ಹೇಳಿ? ಅದಕ್ಕೇ ಪ್ಲಸ್ಸು-ಮೈನಸ್ಸು ಬಟನ್ ಕೊಟ್ಟಿರೋದು. ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್. (ಉಲ್ಟಾ ಅನ್ನಿಸ್ತಾ? ಇನ್ನೊಂದ್ಸಲ ಓದಿ.)

ಆ ಪ್ಲಸ್ಸು-ಮೈನಸ್ಸಿನ ಅಳತೆಗೆ ಸ್ಟಾಪ್ ಅಂತಾರೆ. ಒಂದು ಸ್ಟಾಪ್ ಅಂದ್ರೆ ಬೆಳಕು ದುಪ್ಪಟ್ಟು, ಇಲ್ಲಾ ಅರ್ಧ. ಷಟರ್ 1/250ರಿಂದ 1/125ಕ್ಕೆ ಇಳಿಸಿ, ದುಪ್ಪಟ್ಟು. ಅಪರ್ಚರ್ ಎಫ್ 8ರಿಂದ ಎಫ್ 5.6ಕ್ಕೆ ತೆರೀರಿ, ದುಪ್ಪಟ್ಟು. ಐಎಸ್‌ಒ 100ರಿಂದ 200ಕ್ಕೆ ಏರಿಸಿದ್ರೂ ಫೋಟೋ ಅಷ್ಟೇ ಬೆಳಗುತ್ತೆ. ಯಾವುದೂ ಬಿಟ್ಟಿ ಅಲ್ಲ ಮತ್ತೆ! ಷಟರ್ ನಿಧಾನ ಆದ್ರೆ ಜೋಗಿಮಟ್ಟಿ ಕಡೆ ಗಾಳಿಯಂತ್ರದ ರೆಕ್ಕೆ ಕಲಸಿಹೋಗುತ್ತೆ, ಅಪರ್ಚರ್ ಅಗಲ ಆದ್ರೆ ಹಿಂದಿನ ಸಾಲಿನ ಅತ್ತೆ ಮಸುಕಾಗ್ತಾರೆ, ಐಎಸ್‌ಒ ಏರಿದ್ರೆ ಮರಳು ಮರಳು.

ದುರ್ಗದ ಕೋಟೆಗೆ ಹೋದ್ರಂತೂ ಓಬವ್ವನ ಕಿಂಡೀಲಿ ನಿಂತು ಪೋಸು ಕೊಡ್ಲೇಬೇಕಲ್ವಾ? ಒಳಗೆ ಕತ್ಲೆ, ಹೊರಗೆ ಬೆಂಕಿ ಬಿಸಿಲು. ಒಂದೇ ಕ್ಲಿಕ್ಕಿಗೆ ಎರಡೂ ಬೇಕು ನಿಮಗೆ. (ಆಸೆಗೆ ಮಿತಿ ಇಲ್ಲ.) ಬಿಳಿ ಕಡೆಗೆ ಕಾವಲು ಹಾಕಿ. ನೆರಳನ್ನ ಆಮೇಲೆ ಕಂಪ್ಯೂಟರಲ್ಲಿ ಅಷ್ಟಿಷ್ಟು ಎತ್ತಬೋದು, ‘ರಾ’ ಫೈಲಾದ್ರೆ ಇನ್ನೂ ಚೆನ್ನಾಗಿ. ಸುಟ್ಟು ಪೂರ್ತಿ ಬೆಳ್ಳಗಾದ ಜಾಗದಲ್ಲಿ ಮಾತ್ರ ಎತ್ತೋಕೆ ಏನೂ ಉಳಿದಿರಲ್ಲ.

ಅಂಗೈ ಅಡ್ಡ ಹಿಡಿದು ಸ್ಕ್ರೀನ್ ನೋಡಿ ‘ಸೂಪರ್’ ಅನ್ನೋದು ನಿಲ್ಲಿಸಿ. ಬಿಸಿಲಲ್ಲಿ ಅದು ಮಂಕು, ರಾತ್ರಿ ಚಪ್ಪರದಲ್ಲಿ ಝಗಝಗ. ಎರಡು ಕಡೆನೂ ಸುಳ್ಳು. ಬೆಳಕಿನ ಲೆಕ್ಕನ ಗುಡ್ಡದಂಗೆ ಬರೆದು ತೋರಿಸೋ ಹಿಸ್ಟೋಗ್ರಾಮ್ ನೋಡಿ. ಗುಡ್ಡ ಬಲಗಡೆ ಗೋಡೆಗೆ ಗುದ್ದಿದ್ರೆ ಬಿಳಿ ಸುಟ್ಟಿದೆ ಅಂತ ತಿಳೀರಿ.

ಇಷ್ಟೆಲ್ಲ ತಿಳಿದ್ಮೇಲೂ ನೀವು ಮಾಡೋದೇನು ಗೊತ್ತಾ? ಮಗನ ಸಂಬಂಧಕ್ಕೆ ಫೋಟೋ ಅಂದ ಕೂಡ್ಲೇ ‘ಸ್ವಲ್ಪ ಬೆಳ್ಳಗೆ ಬರ್ಲಿ, ಸಾರ್!’ ಅಂತ ಫೋಟೋದವನ ಕಿವಿ ಕಚ್ಚೋದು. ಅವನು ಎರಡು ಸ್ಟಾಪ್ ಏರಿಸ್ತಾನೆ. ಮೂಗು ಹೋಯ್ತು, ಕೆನ್ನೆ ಹೋಯ್ತು, ಗೋಡೆಗೆ ಸುಣ್ಣ ಬಳಿದಂಗೆ ಒಂದು ಮುಖ ಉಳೀತು. ಅಡಿಕೆ ಕೆಂಪು ಮಾಸಿದ್ರೆ ಜಗಳಕ್ಕೆ ಬರೋರು, ಮಗನ ಬಣ್ಣ ಮಾಸಿದ್ರೆ ಕಾಸು ಕೊಟ್ಟು ಪ್ರಿಂಟ್ ಹಾಕಿಸ್ತೀರಿ.

ಹಾಕಿಸಿ, ಬೇಡ ಅಂದೋರ್ಯಾರು? ಆದ್ರೆ ಹೆಣ್ಣಿನ ಕಡೆಯೋರು ಫೋಟೋ ಕೈಲಿ ಹಿಡ್ಕೊಂಡೇ ಬಂದು ಪಡಸಾಲೇಲಿ ಕೂತಾಗ ಮಗನ್ನ ಎಷ್ಟು ಸ್ಟಾಪ್ ಏರಿಸಿ ಕರ್ಕೊಂಡು ಬರ್ತೀರಿ?