ಮೂಗು ಕಟ್ಟಿದ ಮಹಾಶಯರು

ಪಕ್ಕದ ಮನೆಯ ಪಗ್ ಮಲಗಿದರೆ ಗೊರಕೆ ನಮ್ಮ ಹಾಲಿಗೇ ಕೇಳಿಸುತ್ತದೆ. 'ಶೀತ' ಎನ್ನುತ್ತಾರೆ ಯಜಮಾನರು. ಶೀತವೂ ಇಲ್ಲ, ಗೀತವೂ ಇಲ್ಲ. ಮುಖ ಚಪ್ಪಟೆ, ಹೊಳ್ಳೆ ಕಿರಿದು, ಹುಟ್ಟಿದ್ದೇ ಹಾಗೆ. ಬೇರೆ ನಾಯಿಗಳಿಗಾದರೆ ಮೂಗು ಕಟ್ಟಲು ಕಾರಣ ನೂರೆಂಟು: ಸೋಂಕು, ಊದುಬತ್ತಿಯ ಹೊಗೆ, ಮೇಲ್ದವಡೆಯ ಹಲ್ಲಿನ ಬುಡದಲ್ಲಿ ಕೀವು. ಒಂದೇ ಹೊಳ್ಳೆ ಸೋರುತ್ತಾ ಸೀನು ನಿಲ್ಲದಿದ್ದರೆ ಹುಲ್ಲಿನ ಮುಳ್ಳೋ ಮತ್ತೊಂದೋ ಒಳಹೊಕ್ಕಿರಬಹುದು. ಮಲೆನಾಡಾದರೆ ಜಿಗಣೆ! ಹಳ್ಳದ ನೀರು ಕುಡಿಯುವಾಗ ಮೂಗಿಗೇರಿ, ಬಾಡಿಗೆ ಕೊಡದೆ ಸಂಸಾರ ಹೂಡುತ್ತದೆ. ಮೂಗಿನ ಮುಂದೆ ಬಟ್ಟಲು ನೀರು ಹಿಡಿದರೆ ಕೆಲವೊಮ್ಮೆ ಮೆಲ್ಲಗೆ ಹೊರಗಿಣುಕುತ್ತದೆ, ಅಷ್ಟೇ ಬೇಗ ಒಳಕ್ಕೂ ಹೋಗುತ್ತದೆ.

ಯಜಮಾನರು ತಮ್ಮದೇ ಶೀತದ ಮಾತ್ರೆ ಮುರಿಯುತ್ತಿದ್ದರು. ಅದರಲ್ಲಿರುವ ಪ್ಯಾರಾಸಿಟಮಾಲ್ ನಾಯಿಗೆ ವಿಷವಾದೀತು ಸಾರ್ ಎಂದೆ. "ಹಾಗಾದರೆ ಮೆಣಸಿನ ಕಷಾಯ?" ಅಂದರು. ಪಗ್ ಮಂಚದಡಿ ನುಗ್ಗಿತು.