ಲೂಸ್ ಕನೆಕ್ಷನ್ ರಾಯರು

ಲಂಡನ್ನಿನ ಕನ್ನಡದ ಮನೆಗಳಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಬ್ಬ ರಾಯರು ಇದ್ದೇ ಇರುತ್ತಾರೆ. ಹ್ಯಾರೋದಲ್ಲಿದ್ದರೆ ನಿವೃತ್ತ ಬ್ಯಾಂಕ್ ಮ್ಯಾನೇಜರು, ಹೌನ್ಸ್‌ಲೋದಲ್ಲಿದ್ದರೆ ನಿವೃತ್ತ ಹೆಡ್‌ಮಾಸ್ಟರು, ಕ್ರಾಯ್ಡನ್ನಿನಲ್ಲಿದ್ದರೆ ನಿವೃತ್ತ ತಹಶೀಲ್ದಾರರು. ಆರು ತಿಂಗಳ ವಿಸಿಟರ್ ವೀಸಾ, ಎರಡು ಸ್ವೆಟರು, ಒಂದು ಮಂಕಿ ಕ್ಯಾಪು, ಮೂವತ್ತೈದು ವರ್ಷದ ಸರ್ವಿಸು: ಇಷ್ಟು ಲಗೇಜಿನೊಂದಿಗೆ ಬಂದಿಳಿಯುತ್ತಾರೆ. ಮೊದಲ ವಾರ ಟವರ್ ಬ್ರಿಜ್ಜು, ಎರಡನೇ ವಾರ ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆ. ಮೂರನೇ ವಾರದಿಂದ ಮಗ ಸೊಸೆ ಆಫೀಸಿಗೆ, ಮೊಮ್ಮಗ ಸ್ಕೂಲಿಗೆ. ರಾಯರ ಕೈಯಲ್ಲಿ ಅಧಿಕಾರವೂ ಇಲ್ಲ, ಫೈಲೂ ಇಲ್ಲ. ಆಗ ಶುರುವಾಗುತ್ತದೆ ತನಿಖೆ.

ನಮ್ಮ ಟೂಟಿಂಗಿನ ರಾಯರು ಕೆ.ಇ.ಬಿ.ಯವರು. ಆ ವಿದ್ಯುತ್ ಮಂಡಳಿ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಯಿತು, 2002ರಲ್ಲಿ ಬೆಸ್ಕಾಂ ಬೇರೆಯಾಯಿತು. ರಾಯರ ಬಾಯಲ್ಲಿ ಮಾತ್ರ ಇಂದಿಗೂ ಕೆ.ಇ.ಬಿ.ಯೇ. ಅಂಗಿಯ ಜೇಬಿನಲ್ಲಿ ಟೆಸ್ಟರ್ ಇಲ್ಲದೆ ಹೊಸಿಲು ದಾಟಿದವರಲ್ಲ. ಜಗತ್ತಿನ ಯಾವ ಕೆಡುಕಿಗೂ ಅವರ ಬಳಿ ಇರುವುದು ಒಂದೇ ಕಾರಣ: ಲೂಸ್ ಕನೆಕ್ಷನ್. ಮಿಕ್ಸಿ ನಿಂತರೆ ಲೂಸ್ ಕನೆಕ್ಷನ್. ನಾರ್ದರ್ನ್ ಲೈನಿನ ರೈಲು ಸುರಂಗದಲ್ಲಿ ನಿಂತರೆ ಲೂಸ್ ಕನೆಕ್ಷನ್. ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಟ್ಟದ್ದೂ ಅದರಿಂದಲೇ. ಬೆಳಗ್ಗೆ ಹೊರಡುವಾಗ ಸೊಸೆ, "ಮಾವ, ಬಾಯ್ಲರ್ ಒಂದನ್ನ ಮುಟ್ಟಬೇಡಿ" ಎಂದು ಹೇಳಿಯೇ ಹೋಗುತ್ತಾಳೆ. ರಾಯರು ಮುಟ್ಟುವುದಿಲ್ಲ. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ.

ಹೀಗಿರುವಾಗ ಮೇ ತಿಂಗಳಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿಗೆ ಕಳ್ಳರು ನುಗ್ಗಿದರು. ನಮಗೆಲ್ಲ ಸೋನಾ ಮಸೂರಿ, ಕರಿಬೇವು, ದೋಸೆಹಿಟ್ಟು ಕೊಟ್ಟು ಸಾಕುತ್ತಿರುವವರು ಜಾಫ್ನಾ ಕಡೆಯ ಒಬ್ಬ ಯಜಮಾನರು. ಹಿಂಬಾಗಿಲು ಮೀಟಿ ಒಳಗೆ ಬಂದವರು ಸಿಗರೇಟು, ಗಲ್ಲಾಪೆಟ್ಟಿಗೆಯ ಚಿಲ್ಲರೆ, ಜೊತೆಗೆ ಎರಡು ಬಾಕ್ಸ್ ಆಪೂಸ್ ಮಾವು ಹೊತ್ತೊಯ್ದಿದ್ದರು. ಸುದ್ದಿ ಕೇಳಿ ರಾಯರು ಮೊದಲು ಅಂದದ್ದು, "ಪಕ್ಕದ ಬಾಕ್ಸಿನ ಮೆಕ್ಸಿಕೋ ಮಾವು ಮುಟ್ಟಿಲ್ವಾ? ಹಾಗಾದ್ರೆ ಕಳ್ಳರು ನಮ್ಮ ಕಡೆಯವರೇ!" ಎರಡನೆಯದು, "ಅಲಾರಂ ಇತ್ತಲ್ಲ, ಯಾಕೆ ಬಾರಿಸಲಿಲ್ಲ?" ಅದನ್ನು ಕೇಳುವಾಗ ಅವರ ಮುಖದಲ್ಲಿ ಪ್ರಮೋಷನ್ ಆರ್ಡರ್ ಕೈಗೆ ಬಂದ ದಿನದ ಕಳೆಯಿತ್ತು.

ಪೊಲೀಸರು ವಿಮೆಗೆಂದು ಒಂದು ಕ್ರೈಂ ನಂಬರ್ ಕೊಟ್ಟು ಮುಗಿಸಿದ್ದರು. "ಬರೀ ನಂಬರ್ರಾ? ಮಹಜರ್ ಆಗಿಲ್ವಾ?" ಎಂದು ರಾಯರು ಹೌಹಾರಿದರು. ಅತ್ತಿಬೆಲೆ ಸೆಕ್ಷನ್ನಿನಲ್ಲಿದ್ದಾಗ ಕಲಿತ ತಮಿಳಿನಲ್ಲಿ ಯಜಮಾನರಿಗೆ ಧೈರ್ಯ ಹೇಳಿದರು. ಆ ತಮಿಳು ಅರ್ಥವಾಯಿತೋ ಇಲ್ಲವೋ, ಹಿರಿಯರೆಂಬ ಮರ್ಯಾದೆಗೆ ಯಜಮಾನರು ಸ್ಟೂಲ್ ತಂದು ಹಾಕಿದರು. ಫೋನಿನ ಟಾರ್ಚ್ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ಮೂಲೆಯಲ್ಲಿ ಗೋಡೆಗೆ ಬಿಗಿದ ಸೆನ್ಸರ್ ಮೊದಲ ಸಾಕ್ಷಿ. ಓಡಾಡುವ ಮೈಯ ಶಾಖವನ್ನು ಕಂಡು ಎಚ್ಚರಗೊಳ್ಳುವ ಉಪಕರಣವದು. ಅದರೆದುರಿಗೆ ಇಪ್ಪತ್ತು ಕಿಲೋ ಅಕ್ಕಿಮೂಟೆಗಳು ಸೂರಿನವರೆಗೆ. ಕಳ್ಳ ಕುಣಿದಿದ್ದರೂ ಅದಕ್ಕೆ ಕಾಣುತ್ತಿದ್ದುದು ಅಕ್ಕಿಯ ಚೀಲವೇ. "ವಾಚ್‌ಮನ್‌ನ ಗೋಡೆ ಕಡೆಗೆ ಮುಖ ಮಾಡಿ ಕೂರಿಸಿದ್ದಾರಲ್ರೀ" ಎಂದರು ರಾಯರು.

ಎರಡನೆಯದು ಟೆಲಿಫೋನ್. ಕಳ್ಳ ಬಂದರೆ ಅಲಾರಂ ಪೆಟ್ಟಿಗೆ ತಾನೇ ಫೋನ್ ಮಾಡಿ ಮೇಲ್ವಿಚಾರಣೆಯ ಕೇಂದ್ರಕ್ಕೆ ತಿಳಿಸಬೇಕು. ಬ್ರಿಟನ್ನಿನಲ್ಲಿ ಹಳೆಯ ಟೆಲಿಫೋನ್ ಜಾಲವನ್ನು ಮುಚ್ಚಿ ಎಲ್ಲ ಕರೆಗಳನ್ನೂ ಬ್ರಾಡ್‌ಬ್ಯಾಂಡಿಗೆ ಸಾಗಿಸುತ್ತಿದ್ದಾರೆ. 2025ರ ಕೊನೆಗೆಂದಿದ್ದ ಗಡುವನ್ನು 2027ರ ಜನವರಿಗೆ ಮುಂದೂಡಿದರು. ಯಜಮಾನರ ಅಂಗಡಿಯ ಫೋನು ಎಂದೋ ಹೊಸ ದಾರಿ ಹಿಡಿದಿತ್ತು. ಅಲಾರಂನ ತಂತಿ ಮಾತ್ರ ಹಳೆಯ ಸಾಕೆಟ್ಟಿಗೇ ಸಿಕ್ಕಿಕೊಂಡು, ಆ ಕಡೆ ಯಾರೂ ಇಲ್ಲದ ಲೈನಿಗೆ ನಿಷ್ಠೆಯಿಂದ ಕಾಯುತ್ತಿತ್ತು.

ಮೂರನೆಯದು ಗಲ್ಲಾಪೆಟ್ಟಿಗೆಯ ಹಿಂದಿನ ಕೀಪ್ಯಾಡ್. ದೋಷವಿದೆಯೆಂದು ಸೂಚಿಸುವ ಹಳದಿ ದೀಪದ ಮೇಲೆ "ಒಂದು ಕೊಂಡರೆ ಒಂದು ಉಚಿತ" ಎಂಬ ಸ್ಟಿಕ್ಕರ್ ಅಂಟಿಸಿತ್ತು. ಕೀಂ ಕೀಂ ಎನ್ನುವ ತೂತಿಗೆ ಸೆಲ್ಲೋಟೇಪು. ಅಂಗಡಿಯ ಹುಡುಗನನ್ನು ಕೇಳಿದರೆ, "ದಿನವಿಡೀ ಕಿರಿಕಿರಿ ಸಾರ್" ಎಂದ.

ಇನ್ನು ಉಳಿದದ್ದು ಮುಖ್ಯ ಪೆಟ್ಟಿಗೆ. ರಾಯರು ಕೈ ಮುಗಿದು, ಕನ್ನಡಕ ಏರಿಸಿ, ಎರಡು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರು. ಅಷ್ಟೇ! ಕಳ್ಳರಿಗೆ ಒಂದಕ್ಷರ ಉಸುರದ ಅಲಾರಂ ರಾಯರಿಗೆ ಕಿವಿ ಕಿತ್ತುಹೋಗುವಂತೆ ಬೊಬ್ಬೆ ಹೊಡೆಯಿತು. ಮುಚ್ಚಳ ತೆಗೆದರೆ ಹಗಲೋ ರಾತ್ರಿಯೋ ನೋಡದೆ ಕೂಗಲೆಂದೇ ಅದರಲ್ಲಿ ಬೇರೆ ಸ್ವಿಚ್ ಇರುತ್ತದೆ. ಯಜಮಾನರು ಕೋಡ್ ಒತ್ತಲು ಓಡಿದರು. ಗಾಬರಿಗೆ ಅವರಿಗೆ ನೆನಪಾದದ್ದು ಮಗಳ ಹುಟ್ಟಿದ ದಿನ, ಕೋಡ್ ಇದ್ದದ್ದು ಮಗನದ್ದು.

ಆ ಗದ್ದಲದಲ್ಲೂ ರಾಯರು ತನಿಖಾಧಿಕಾರಿಯೇ. ಬಾಗಿಲಿಗೆ ಬಂದು ಬೀದಿ ನೋಡುತ್ತ ನಿಂತರು. ಬಸ್‌ಸ್ಟಾಪಿನಲ್ಲಿದ್ದವರು ಫೋನಿನಿಂದ ತಲೆ ಎತ್ತಲಿಲ್ಲ. ತಳ್ಳುಗಾಡಿಯ ತಾಯಿಯೊಬ್ಬಳು ಮಗುವಿನ ಟೋಪಿಯನ್ನು ಕಿವಿಯವರೆಗೆ ಎಳೆದು ಮುಂದೆ ಹೋದಳು. ಎದುರು ಮನೆಯ ಕಿಟಕಿಯೊಂದು ಮುಚ್ಚಿಕೊಂಡಿತು. ಒಬ್ಬರೂ ಏನಾಯಿತೆಂದು ಕೇಳಲಿಲ್ಲ.

ಗದ್ದಲ ನಿಂತ ಮೇಲೆ ರಾಯರು ಒಳಗಿನ ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದರು. 12 ವೋಲ್ಟಿನ ಬ್ಯಾಟರಿ ಉಬ್ಬಿತ್ತು, ನಿಜ. ಆದರೆ ಕನೆಕ್ಷನ್‌ಗಳೆಲ್ಲ ಬಿಗಿ. ಒಂದೂ ಲೂಸ್ ಇಲ್ಲ. ಅವರ ಮುಖ ಬಾಡಿತು. ಮರ್ಯಾದೆ ಉಳಿಸಿಕೊಳ್ಳಲು ಒಂದು ಸ್ಕ್ರೂವನ್ನು ಅರ್ಧ ಸುತ್ತು ಬಿಗಿದು ಮುಚ್ಚಳ ಹಾಕಿದರು.

ಆಮೇಲೆ ಹುಡುಗ ಬಾಯಿಬಿಟ್ಟ. ಬೆಳಗಿನ ಜಾವ ಹಾಲು, ಬ್ರೆಡ್ಡು ಇಳಿಸಲು ಬರುವವರಿಂದ ಅಲಾರಂ ಸುಮ್ಮಸುಮ್ಮನೆ ಕೂಗುತ್ತಿತ್ತಂತೆ, ಅಕ್ಕಪಕ್ಕದವರು ಬೈಯುತ್ತಿದ್ದರಂತೆ. ಇಲ್ಲಿನ ಪೊಲೀಸರ ನಿಯಮವೂ ಕಟ್ಟುನಿಟ್ಟು: ನೋಂದಣಿ ನಂಬರ್ ಇರುವ ಅಲಾರಂ ಆದರೂ ಹನ್ನೆರಡು ತಿಂಗಳಲ್ಲಿ ಮೂರು ಸಲ ಸುಳ್ಳು ಕೂಗಿದರೆ ಅವರು ಬರುವುದನ್ನೇ ನಿಲ್ಲಿಸುತ್ತಾರೆ. ಯಾಕೆ ಬೇಕು ರಗಳೆ ಎಂದು ರಾತ್ರಿ ಅಲಾರಂ ಹಾಕುವುದನ್ನೇ ಬಿಟ್ಟಿದ್ದರು.

"ಇದು ಹ್ಯಾಟನ್ ಗಾರ್ಡನ್ ಕೇಸೇ" ಎಂದು ರಾಯರು ತೀರ್ಪು ಕೊಟ್ಟರು. ಆ ಪ್ರಕರಣ ಅವರಿಗೆ ಕಂಠಪಾಠ. 2015ರ ಏಪ್ರಿಲ್ 2ರ ರಾತ್ರಿ, ಈಸ್ಟರ್ ರಜೆ ನೋಡಿಕೊಂಡು, ವಜ್ರದ ವ್ಯಾಪಾರಿಗಳ ಆ ಬೀದಿಯ ಸೇಫ್ ಡಿಪಾಸಿಟ್ ಕಟ್ಟಡಕ್ಕೆ ಮುದುಕರ ತಂಡವೊಂದು ಲಿಫ್ಟಿನ ಬಾವಿಯಲ್ಲಿ ಇಳಿಯಿತು. ಫೋನಿನ ತಂತಿ ಕತ್ತರಿಸಿದರೂ ಅಲಾರಂ ಹೇಗೋ ಸುದ್ದಿ ಮುಟ್ಟಿಸಿತು. ಮಧ್ಯರಾತ್ರಿ 12 ಗಂಟೆ 21 ನಿಮಿಷಕ್ಕೆ ಪೊಲೀಸರಿಗೆ ಕರೆ ಹೋಯಿತು. ಹೋಗುವ ಅಗತ್ಯವಿಲ್ಲ ಎಂಬ ದರ್ಜೆ ಬಿತ್ತು. ಕಾವಲುಗಾರ ಬಂದು, ಹೊರಗಿನಿಂದಲೇ ಇಣುಕಿ, ಎಲ್ಲ ಸರಿಯಿದೆಯೆಂದು ಹೊರಟುಹೋದ. ಒಳಗೆ 50 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಗೋಡೆಗೆ ಡ್ರಿಲ್ ಹಿಡಿದಿದ್ದರು. ಒಡೆದದ್ದು 73 ಲಾಕರು, ಹೋದದ್ದು ಸುಮಾರು 1.4 ಕೋಟಿ ಪೌಂಡು.

ತಂಡದ ಹಿರಿಯ 76 ವರ್ಷದ ಬ್ರಯನ್ ರೀಡರ್, ಬೇರೆ ಹೆಸರಿನ ಪಾಸಿನಲ್ಲಿ 96ನೇ ನಂಬರ್ ಬಸ್ ಹತ್ತಿದವನು. "ಕೋಟಿ ಹೊಡೆಯೋನಿಗೆ ಬಸ್ ಚಾರ್ಜ್ ಕೊಡೋಕೆ ಹೊಟ್ಟೆಯುರಿ!" ಎನ್ನುತ್ತಾರೆ ರಾಯರು. ಹೊರಗೆ ಕಾಯಲು ನಿಂತವನು ನಿದ್ದೆಹೋದದ್ದು ಅವರಿಗೆ ಅಚ್ಚರಿಯಲ್ಲ. ಸಬ್‌ಸ್ಟೇಷನ್ನಿನ ನೈಟ್ ಶಿಫ್ಟ್ ಕಂಡವರು. ಅಲಾರಂ ವಿದ್ಯೆ ಬಲ್ಲ 'ಬೇಸಿಲ್' ಎಂಬವನು ಮಾತ್ರ 2018ರವರೆಗೆ ಸಿಗದಿದ್ದುದನ್ನು ಹೇಳುವಾಗ ದನಿಯಲ್ಲಿ ವೃತ್ತಿಬಾಂಧವನ ಹೆಮ್ಮೆ. ಅವರಿಗೆ ನಂಬಲಾಗದ್ದು ಒಂದೇ: ನಮ್ಮ ನಿಯಮವನ್ನು ನಾವೇ ಪಾಲಿಸಲಿಲ್ಲ ಎಂದು ಪೊಲೀಸ್ ಇಲಾಖೆ ಕ್ಷಮೆ ಕೇಳಿದ್ದು. "ಇಲಾಖೆ ಕ್ಷಮೆ ಕೇಳೋದೇ? ನಮ್ಮಲ್ಲಾಗಿದ್ರೆ ಒಬ್ಬ ಲೈನ್‌ಮನ್ ಸಸ್ಪೆಂಡ್ ಆಗ್ತಿದ್ದ, ಕೇಸ್ ಮುಗೀತಿತ್ತು." ಕಳ್ಳತನ ಬೇಡವೆಂದು ಎಂಟುನೂರು ವರ್ಷದ ಹಿಂದೆಯೇ ಹೇಳಿದ ಬಸವಣ್ಣನವರ ಪ್ರತಿಮೆ ಲಂಡನ್ನಿಗೆ ಬಂದದ್ದು ಆ ಕಳ್ಳತನ ನಡೆದ ವರ್ಷದ, 2015ರ, ನವೆಂಬರ್ 14ಕ್ಕೆ. ಏಳು ತಿಂಗಳು ತಡವಾಯಿತೆಂಬ ಕೊರಗು ರಾಯರದು.

ಮಾರನೆಯ ದಿನ ಯಜಮಾನರ ಕೈಗೆ ಮೂರು ಪುಟದ ವರದಿ ಬಂತು. ವಿಷಯ: ಅಲಾರಂ ಬಾರಿಸದಿರುವ ಬಗ್ಗೆ. ಉಲ್ಲೇಖ: ತಮ್ಮ ಮೌಖಿಕ ಕೋರಿಕೆ. "ಸ್ಥಳ ಪರಿಶೀಲಿಸಲಾಗಿ, ಸದರಿ ಯಂತ್ರವು ತನ್ನ ಕರ್ತವ್ಯದಲ್ಲಿ ಲೋಪವೆಸಗಿರುವುದಿಲ್ಲ" ಎಂದು ಶುರು. ಅಚ್ಚ ಕನ್ನಡದಲ್ಲಿದ್ದ ಅದನ್ನು ಹಿಡಿದು ಯಜಮಾನರು ನನ್ನತ್ತ ನೋಡಿದರು. ಯಂತ್ರ ಕೆಟ್ಟಿತ್ತೆಂದಿದ್ದರೆ ವಿಮೆಯವರಿಗೆ ತೋರಿಸಬಹುದಿತ್ತು. ತಪ್ಪು ಅಂಗಡಿಯದೇ ಎಂದು ತಿಳಿದ ಮೇಲೆ ವರದಿಯನ್ನು ಕಣ್ಣಿಗೊತ್ತಿಕೊಂಡು ಡ್ರಾಯರಿನ ತಳಕ್ಕೆ ಸೇರಿಸಿದರು. ಆದರೂ ಸಂಜೆಯೊಳಗೆ ಮೂಟೆಗಳು ಪಕ್ಕಕ್ಕೆ ಸರಿದವು, ಸ್ಟಿಕ್ಕರ್ ಕಿತ್ತುಹೋಯಿತು, ಹೊಸ ಬ್ಯಾಟರಿ ಬಂತು.

ನಿಮ್ಮ ಅಂಗಡಿಯಲ್ಲೋ ಮನೆಯಲ್ಲೋ ಹಳದಿ ದೀಪವೊಂದು ಬಹಳ ದಿನದಿಂದ ಮಿನುಗುತ್ತಿದ್ದರೆ ದಯವಿಟ್ಟು ಅದರ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ, ರಾಯರಿಗೆ ಹೇಳಿಕಳಿಸಿ. ಸೆಪ್ಟೆಂಬರ್ ಕೊನೆಯವರೆಗೆ ಇಲ್ಲೇ ಇರುತ್ತಾರೆ. ಫೀಸು ಕೊಡಬೇಡಿ, ವಿಸಿಟರ್ ವೀಸಾ ಒಪ್ಪುವುದಿಲ್ಲ; ಫಿಲ್ಟರ್ ಕಾಫಿ ಕೊಟ್ಟರೆ ಸಾಕು. ಮುಚ್ಚಳ ತೆಗೆಯುವ ಮೊದಲು ಕೋಡ್ ಮಾತ್ರ ಜ್ಞಾಪಿಸಿಕೊಂಡಿರಿ.